ಬಾಕಿ

ಶಾರ್ಜಾದ ರೋಲಾ ಚೌಕದ ಹಿಂದೆ
ಎರಡು ಟೈಲರ್ ಅಂಗಡಿಗಳ ನಡುವೆ ಸಿಕ್ಕಿಕೊಂಡಿತ್ತು ನಮ್ಮ ಬಕಾಲ.
ಶೀನ ಸೈಕಲ್ಲಿನಲ್ಲಿ ನೀರಿನ ಕ್ಯಾನು ಹೇರಿಕೊಂಡು ಹೊರಟರೆ
ಗಲ್ಲಾ ನನ್ನದು.
ತೊಂಬತ್ತೆಂಟರ ಜುಲೈ. ಏಸಿ ಕೆಟ್ಟಿತ್ತು.
ಚಾಕಲೇಟು ಕರಗಿ ಕಾಗದಕ್ಕೆ ಅಂಟಿ
ಮಾರಿದರೆ ಬೈಗುಳ, ಇಟ್ಟರೆ ಇರುವೆ.

ಆ ಇಬ್ಬರು ದಿನಾ ಬರುವವರೇ,
ಸುಡಾನಿನ ಇದ್ರೀಸ್, ಹಿಂದಿನ ಓಣಿಯ ಬಲೂಚಿ ಶಾಹದಾದ್.
ಒಂದು ಪೆಪ್ಸಿ, ಎರಡು ಸ್ಟ್ರಾ, ಐದು ದಿರ್ಹಮಿನ ನೋಟು.
ಅಂಗಿಯ ಜೇಬಿನಲ್ಲಿ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು.
ಅದು ಟೇಪು ಅಂತ ನನಗೇನು ಗೊತ್ತು?
ಚಿಲ್ಲರೆ ಎಣಿಸಿ ತಲೆಯೆತ್ತಿದರೆ ಹುಡುಗರು ಬಾಗಿಲಾಚೆ.
ಗಾಜಿನ ಮೇಲೆ ನಾಣ್ಯ ಕುಕ್ಕಿ ಕೂಗಿದೆ
ಗಂಗೊಳ್ಳಿಯ ದಕ್ಕೆಯಲ್ಲಿ, ಮೀನು ಕೊಂಡು ನಡೆದವರನ್ನು
ಅಮ್ಮ ಕೂಗುತ್ತಿದ್ದ ಹಾಗೆಯೇ:

“ಬಾಕಿ ತಕಣಿ!”

ಅಷ್ಟೇ. ಒಂದೂವರೆ ಸೆಕೆಂಡು.

ರಂಜಾನಿನ ಹೊತ್ತಿಗೆ ಅದು ಟ್ಯಾಕ್ಸಿಯೊಳಗಿಂದ ಬಂತು.
ಅಡಿಯಲ್ಲಿ ಡ್ರಮ್ಮು, ಮೇಲೆ ನಾನು,
ಕತ್ತರಿಸಿ, ತಿರುಗಿಸಿ, ಮತ್ತೆ ಜೋಡಿಸಿ
ಬಾಕಿ ತಕ, ತಕ ತಕ, ತಕಣಿ.
ನಡುವೆ ಇದ್ರೀಸ್ ಉಸಿರು ಬಿಡದೆ ಒದರುತ್ತಾನೆ:
ಅಪ್ಪನ ಮೂರು ತಿಂಗಳ ಪಗಾರ, ವೀಸಾದ ಮೊಹರು,
ಫೋನ್ ಕಾರ್ಡಿನಲ್ಲಿ ಮುಗಿದುಹೋದ ಅರ್ಧ ಮಾತು.
ಪ್ರತಿ ಸಾಲಿನ ಕೊನೆಗೂ ನನ್ನದೇ ಕೂಗು.
ಸಿಗ್ನಲ್ಲಿನಲ್ಲಿ ನಿಂತ ಪಠಾಣ ಡ್ರೈವರ್
ಸ್ಟೀರಿಂಗಿಗೆ ಬಡಿದು ತಲೆ ಕುಣಿಸುತ್ತಿದ್ದ.

ಬಾಕಿ ಎಲ್ಲರಿಗೂ ತಿಳಿಯಿತು.
ಅರಬನಿಗೆ, ಮಲಬಾರಿಗೆ, ಲಾಹೋರಿಗೆ;
ಸಾಲವಿದ್ದಲ್ಲೆಲ್ಲ ಇರುವ ಮಾತದು.
ತಕಣಿ ಮಾತ್ರ ಯಾರ ಬಾಯಿಗೂ ಅರ್ಥವಾಗಲಿಲ್ಲ.
ಸ್ವಾಹಿಲಿ ಅಂದರು, ತಬಲದ ಬೋಲು ಅಂದರು,
ಒಬ್ಬ ರೇಡಿಯೋದವನು ಅದು ಹಳೆಯ ಮಂತ್ರ ಅಂದ.
ಹುಡುಗರಾದರೂ ಗಿರಾಕಿ ಗಿರಾಕಿಯೇ, ಅದಕ್ಕೆ ಬಹುವಚನ.
ಆ ಮರ್ಯಾದೆ ಒಂದು ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಅದು ಎಲ್ಲಿಗೆ ಹೋಗಲಿಲ್ಲ ಹೇಳಿ.
ಅಜ್ಮಾನಿನ ಮದುವೆ ಹಾಲಿಗೆ, ಪೆನಾಲ್ಟಿ ತಪ್ಪಿದ ಸ್ಟೇಡಿಯಮ್ಮಿಗೆ,
ಟೀ ಶರ್ಟಿನ ಬೆನ್ನಿಗೆ, ಕರಕ್ ಚಹಾದ ಕಪ್ಪಿಗೆ,
ಸಾಲ ವಸೂಲಿ ಬ್ಯಾಂಕಿನ ಜಾಹೀರಾತಿಗೆ.
ಶೀನ ತೀರಿಕೊಂಡ ದಿನ
ಆಸ್ಪತ್ರೆಯ ಲಿಫ್ಟಿನಲ್ಲಿ ಯಾರದೋ ಮೊಬೈಲು
ನನ್ನ ದನಿಯಲ್ಲೇ ನನ್ನನ್ನು ಕೂಗಿತು.
ನಾನು ತಿರುಗಿ ನೋಡಿದೆ.

ಯಾಕೆ ಹೇಳಿಕೊಳ್ಳಲಿಲ್ಲ, ಕೇಸು ಹಾಕಲಿಲ್ಲ
ಅಂತ ಮಗಳು ಈಗಲೂ ರೇಗುತ್ತಾಳೆ.

ಹೋದ ಚಳಿಗಾಲ ಅಲ್ ನಹ್ದಾದ ಮಾಲಿನಲ್ಲಿ
ಹಾಡಿಗೆ ಇಪ್ಪತ್ತೈದಾಯಿತೆಂದು ಒಂದು ಚಪ್ಪರ, ಒಂದು ಮೈಕು.
ಕೂಗಿ, ಯಂತ್ರ ಅಂಕ ಕೊಡುತ್ತದೆ.
ಸಾಲಿನಲ್ಲಿ ನಿಂತೆ. ನನ್ನ ಮುಂದೆ
ಸ್ಕೂಲ್ ಯೂನಿಫಾರ್ಮಿನ ಹುಡುಗನಿಗೆ ತೊಂಬತ್ತೊಂದು.
ಮಂಡಿನೋವು, ಹೊಸ ಹಲ್ಲಿನ ಸೆಟ್ಟು;
ಆದರೂ ಅಮ್ಮನನ್ನು ನೆನೆದು ಹೊಟ್ಟೆಯಿಂದ ಕೂಗಿದೆ.

ಅರವತ್ತೆರಡು.

“ಚೆನ್ನಾಗಿತ್ತು ಮದಾಂ,” ಅಂದಳು ಫಿಲಿಪಿನೋ ಹುಡುಗಿ,
“ಆದರೆ ಒರಿಜಿನಲ್ ಹೆಂಗಸಿಗೆ ಅವಸರ ಜಾಸ್ತಿ.”
ಕೀ ಚೈನು ಕೊಟ್ಟಳು.
ಸರಿಯೇ ಹೇಳಿದಳು. ಆ ದಿನ ನನಗೆ ಅವಸರವಿತ್ತು,
ಸ್ಟೌವಿನ ಮೇಲೆ ಗಂಜಿ ಇತ್ತು.

ಮಗಳಿಗೆ ಹೇಳದ ಮಾತೊಂದಿದೆ.
ಹುಡುಗರು ಅವತ್ತು ತಿರುಗಿ ಬರಲಿಲ್ಲ.
ಬೇಕಾದ್ದು ಜೇಬಿಗೆ ಬಿದ್ದಿತ್ತಲ್ಲ, ನಗುತ್ತಾ ಓಡಿದರು.
ರಾತ್ರಿ ಲೆಕ್ಕದ ಪುಸ್ತಕದಲ್ಲಿ ನಾನೇ ಬರೆದೆ:
ಪೆಪ್ಸಿ ಒಂದು. ಕೊಡಬೇಕಾದ್ದು ನಾಲ್ಕು ದಿರ್ಹಮು.
ಹಾಲಿನ ಪುಡಿಯ ಡಬ್ಬಿಯಲ್ಲಿ ನಾಣ್ಯ ನಾಲ್ಕೂ ಇವೆ,
ಅಲ್ಲಾಡಿಸಿದರೆ ಸದ್ದು ಮಾಡುತ್ತವೆ.